ಬೆರಳು ಬಿಟ್ಟರೆ ಒಳಗೆ ಹೋಗುವ ಸಾಲು

ಶಾಲೆಯ ಮಕ್ಕಳು ನನ್ನ ಹೆಂಡತಿಯನ್ನು ಕಂಡಿದ್ದಾರಂತೆ.

ಎಲ್ಲಿ? ಟ್ಯಾಬ್‌ನಲ್ಲಿ. ಯಾವಾಗ? ಹೋದ ವಾರದ ಮಂಗಳವಾರ, ಬಿಸಿಯೂಟ ಮುಗಿದ ಮೇಲೆ. ಹೇಗಿದ್ದಳು? ಬೆಳ್ಳಗಿದ್ದಳು. ಅರ್ಧ ಮಾತ್ರ ಕಾಣುತ್ತಿದ್ದಳು. ಬೆರಳು ಬಿಟ್ಟ ಕೂಡಲೇ ಒಳಗೆ ಹೋಗಿಬಿಟ್ಟಳು.

ಇದನ್ನು ನನಗೆ ಫೋನಿನಲ್ಲಿ ಹೇಳಿದವರು ಅವಳ ಜಾಗಕ್ಕೆ ಬಂದಿರುವ ಟೀಚರ್ ರಾಜೇಶ್ವರಿ. ಹೇಳುವಾಗ ನಗಲು ನೋಡಿದರು. ಆಗಲಿಲ್ಲ.

"ಹುಡುಗ್ರು ಅಂಜ್ತಾವ್ರಿ ಅಣ್ಣಾರ. ಅಂಜಿದ್ರೂ ಬಿಡಂಗಿಲ್ಲ. ನೀವ ಒಮ್ಮೆ ಬಂದು ನೋಡ್ರಿ."

(ಈ ಅಂಕಣದ ಹಳೆಯ ಓದುಗರಿಗೆ ಸುಮಂಗಲಾ ಗೊತ್ತು. ಹೊಸಬರಿಗಾಗಿ ಇಷ್ಟು: ನಾನು ಮಿಶ್ರಿಕೋಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಓದಿದ್ದು ಪಿಯುಸಿ. ಅವಳು ಪಕ್ಕದ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದಳು. ಕಳೆದ ಮಳೆಗಾಲದಲ್ಲಿ ಜ್ವರ ಬಂತು, ಒಂದು ವಾರದಲ್ಲಿ ತೀರಿಕೊಂಡಳು. ಅದಾದ ಮೇಲೆ ನಾನು ಇಲ್ಲಿ ಬಸ್ಸಿನ ಬಗ್ಗೆ ಬರೆದೆ, ಭತ್ತದ ಬಗ್ಗೆ ಬರೆದೆ, ಕರೆಂಟಿನ ಬಗ್ಗೆ ಎರಡು ಸಲ ಬರೆದೆ. ಅವಳು ಹೋದ ಮೇಲೆ ಅವಳ ಬಗ್ಗೆ ಬರೆಯುತ್ತಿರುವುದು ಇದೇ ಮೊದಲು.)

ಸುಮಂಗಲಾ ಮಕ್ಕಳಿಗಾಗಿ ಒಂದು ಗೇಮ್ ಮಾಡಿದ್ದಳು. ಯಾರೂ ಕಲಿಸಲಿಲ್ಲ. ಗೇಮ್ ತಯಾರಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ ಎಂದು ಎಲ್ಲಿಂದಲೋ ತಿಳಿದುಕೊಂಡಳು. ವಿಡಿಯೋ ನೋಡುತ್ತಾ, ತಪ್ಪುತ್ತಾ, ಗಿರಣಿಯ ಪಕ್ಕದ ಕೋಣೆಯಲ್ಲಿ ಕುಳಿತು ಎರಡು ವರ್ಷದ ಭಾನುವಾರಗಳನ್ನು ಅದಕ್ಕೆ ಕೊಟ್ಟಳು.

ಆಟ ಸರಳ. ಪರದೆಯ ಎಡಕ್ಕೆ ಒಂದು ಖಾಲಿ ಮನೆ. ಬಲಕ್ಕೆ ಮನೆಯ ಸಾಮಾನುಗಳ ಉದ್ದನೆಯ ಪಟ್ಟಿ. ಬೀಸುಕಲ್ಲು, ಒರಳು, ಮೊರ, ಬುಟ್ಟಿ, ಬಣ್ಣದ ತೊಟ್ಟಿಲು. ಬೆರಳಿನಿಂದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಬೇಕು. ಬೇಕಾದ ಸಾಮಾನನ್ನು ಮುಟ್ಟಿದರೆ ಅವಳ ದನಿ ಅದರ ಹೆಸರು ಹೇಳುತ್ತದೆ. ಆಮೇಲೆ ಅದನ್ನು ಮನೆಯಲ್ಲಿ ಸರಿಯಾದ ಕಡೆ ಇಡಬೇಕು.

ಅಂದರೆ ಅವಳು ಹೋದ ಮೇಲೂ ಅವಳ ದನಿ ದಿನಾ ಶಾಲೆಗೆ ಹೋಗುತ್ತಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ನಾನು ಆ ಕಡೆ ಹೋಗಿರಲಿಲ್ಲ.

ಬುಧವಾರ ಹೋದೆ.

ಐದಾರು ಮಕ್ಕಳು ಚಾಪೆ ಹಾಸಿದ ನೆಲದ ಮೇಲೆ ಟ್ಯಾಬ್ ಸುತ್ತ ಕುಳಿತಿದ್ದರು. ಮೂರನೆಯ ತರಗತಿಯ ಕಾವ್ಯಾ ಎಂಬ ಹುಡುಗಿ ಬೆರಳನ್ನು ಪರದೆಗೆ ಒತ್ತಿ ಹಿಡಿದಿದ್ದಳು. ಬೆರಳ ತುದಿ ಬಿಳುಪೇರಿತ್ತು. ನಾನು ಬಗ್ಗಿ ನೋಡಿದೆ. ಪಟ್ಟಿ ಪೂರ್ತಿ ಮೇಲಕ್ಕೆ ಹೋಗಿತ್ತು. ಕೊನೆಯ ಸಾಮಾನಿನ ಕೆಳಗೆ, ಪರದೆಯ ಅಂಚಿನಲ್ಲಿ, ಬಿಳಿಯದೊಂದು ಅರ್ಧ ಮೇಲೆದ್ದು ನಿಂತಿತ್ತು. ಚಿತ್ರವಿಲ್ಲ, ಅಕ್ಷರವಿಲ್ಲ. ಬರೀ ಬಿಳಿ.

ಬೆರಳು ತೆಗೆಯವ್ವ, ನೋಡೋಣ ಎಂದೆ.

"ತಗದ್ರ ಅಕ್ಕೋರು ಹೋಗ್ತಾರ್ರಿ," ಎಂದಳು. ತಲೆ ಎತ್ತಲಿಲ್ಲ. (ಅಕ್ಕೋರು ಎಂದರೆ ನಮ್ಮ ಕಡೆ ಟೀಚರ್.)

ಅವಳ ಕೈ ನೋಯತೊಡಗಿದಾಗ ಪಕ್ಕದ ಹುಡುಗ ತನ್ನ ಬೆರಳನ್ನು ಅವಳ ಬೆರಳಿಗೆ ತಾಗಿಸಿ ಇಟ್ಟ. ಅವಳು ಮೆಲ್ಲಗೆ ತನ್ನದನ್ನು ತೆಗೆದಳು. ಬಿಳಿ ಸ್ವಲ್ಪ ನಡುಗಿತು, ಅಲ್ಲೇ ನಿಂತಿತು. ಊಟದ ಬಿಡುವು ಮುಗಿಯುವ ತನಕ ಹೀಗೇ ಪಾಳಿ ನಡೆಯಿತು. ಗಂಟೆ ಬಾರಿಸಿದಾಗ ಕೊನೆಯ ಹುಡುಗ ಬೆರಳೆತ್ತಿದ. ಪಟ್ಟಿ ಸರ್ರನೆ ಕೆಳಗಿಳಿಯಿತು. ಬಿಳಿ ಇಲ್ಲ.

ನಾನೂ ಅಂಜಿದೆ. ಸುಳ್ಳು ಯಾಕೆ ಹೇಳಲಿ?

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ರಾಜೇಶ್ವರಿ ಟ್ಯಾಬ್ ತೆಗೆದುಕೊಂಡು ಗಿರಣಿಗೆ ಬಂದರು. ಬೇರೆ ಶಾಲೆಯಲ್ಲಿದ್ದಾಗ ಅವರೂ ಸುಮಂಗಲಾಳ ಜೊತೆ ಈ ಸಾಫ್ಟ್‌ವೇರನ್ನು ಸ್ವಲ್ಪ ಕಲಿತವರು. ಅವಳ ಲ್ಯಾಪ್‌ಟಾಪ್ ತೆರೆದೆವು. ಎಂಟು ತಿಂಗಳ ಹಿಟ್ಟಿನ ಧೂಳು ಮುಚ್ಚಳದ ಮೇಲೆ ಕೂತಿತ್ತು.

ಪಟ್ಟಿ ಹೇಗೆ ಸರಿಯುತ್ತದೆ ಎಂಬುದನ್ನು ಅವರು ನನಗೆ ಅರ್ಥವಾಗುವ ಹಾಗೆ ಹೇಳಿದರು. ಒಂದು ಕಿಟಕಿ ಇರುತ್ತದೆ. ಅದರ ಹಿಂದೆ ಉದ್ದನೆಯ ಹಾಳೆ. ಹಾಳೆಯ ಮೇಲೆ ಸಾಲುಗಳು. ಕಿಟಕಿಗೆ ಸಿಕ್ಕಷ್ಟು ಮಾತ್ರ ನಮಗೆ ಕಾಣುತ್ತದೆ, ಉಳಿದದ್ದನ್ನು ಒಂದು ತೆರೆ ಮರೆಮಾಡುತ್ತದೆ. ನಾವು ಬೆರಳಾಡಿಸಿದಾಗ ಹಾಳೆ ಸರಿಯುತ್ತದೆ, ಅಷ್ಟೆ. ಮೇಲಕ್ಕೆ ಹೋದ ಸಾಲು ಎಲ್ಲಿಗೂ ಹೋಗಿರುವುದಿಲ್ಲ. ಕಿಟಕಿಯ ಆಚೆ ಹಾಗೇ ಇರುತ್ತದೆ.

ನೀವೂ ನಾನೂ ದಿನಕ್ಕೆ ಎಷ್ಟು ಸಲ ಹೀಗೆ ಬೆರಳಾಡಿಸುತ್ತೇವೆ? ಬಸ್ಸಿನಲ್ಲಿ, ಸಂತೆಯಲ್ಲಿ, ಸಾವಿನ ಮನೆಯ ಕಟ್ಟೆಯ ಮೇಲೆ ಕೂಡ. ಮೇಲೆ ತಳ್ಳಿದ್ದು ಮುಗಿಯಿತು ಎಂದುಕೊಳ್ಳುತ್ತೇವೆ. ನನ್ನ ಫೋನಿನ ಹೆಸರುಗಳ ಪಟ್ಟಿಯಲ್ಲಿ ಅವಳ ನಂಬರ್ ಇನ್ನೂ ಇದೆ. ಅದು ಹತ್ತಿರ ಬಂದಾಗ ನನ್ನ ಬೆರಳು ತಾನಾಗಿಯೇ ಜೋರಾಗಿ ತಳ್ಳುತ್ತದೆ. (ನಿಮ್ಮದೂ ಯಾವುದೋ ಒಂದು ಹೆಸರಿನ ಹತ್ತಿರ ಹೀಗೇ ಮಾಡುತ್ತಿರಬೇಕು.)

ರಾಜೇಶ್ವರಿ ಆ ತೆರೆಯನ್ನು ತೆಗೆದರು. ಕಿಟಕಿಯಾಚೆ ಅಡಗಿದ್ದ ಸಾಲುಗಳೆಲ್ಲ ಒಂದೇ ಸಲಕ್ಕೆ ಪರದೆಯ ತುಂಬ ಇಳಿಬಿದ್ದವು. ಖಾಲಿ ಮನೆಯ ಗೋಡೆ ದಾಟಿ, ನೆಲ ದಾಟಿ, ಇನ್ನೂ ಕೆಳಗೆ. ಎಲ್ಲಕ್ಕಿಂತ ಕೆಳಗೆ ಬಿಳಿ ಚೌಕ.

ಭಯದ ಮೊದಲರ್ಧ ಅಲ್ಲೇ ಬಗೆಹರಿಯಿತು. ಒಂದು ಸಾಲಿಗೆ ಚಿತ್ರ ಹಾಕದೇ ಬಿಟ್ಟರೆ ಸಾಫ್ಟ್‌ವೇರ್ ಅಲ್ಲಿ ಬಿಳಿ ತೋರಿಸುತ್ತದಂತೆ. ಸುಮಂಗಲಾ ಆ ಸಾಲಿಗೆ ಚಿತ್ರ ಹುಡುಕಿರಲಿಲ್ಲ. ಹೆಸರೂ ಬರೆದಿರಲಿಲ್ಲ. ಜ್ವರಕ್ಕೆ ಮುಂಚೆ ಅವಳು ಕೈ ಹಚ್ಚಿದ ಕೊನೆಯ ಸಾಲು ಅದು.

"ಆದ್ರ ಧ್ವನಿ ಐತ್ರಿ ಇದಕ್ಕ," ಎಂದರು ರಾಜೇಶ್ವರಿ.

ಚಿತ್ರವಿಲ್ಲ. ಹೆಸರಿಲ್ಲ. ಧ್ವನಿ ಇದೆ.

ಈಗ ಹೇಳಿ, ನೀವು ಏನು ಮಾಡುತ್ತಿದ್ದಿರಿ? ನಾನು ಕೇಳದ ಅವಳ ಮಾತು ಈ ಭೂಮಿಯ ಮೇಲೆ ಒಂದೇ ಒಂದು ಉಳಿದಿತ್ತು. ಕೇಳಿದರೆ ಅದೂ ಮುಗಿಯಿತು. ಕೇಳದಿದ್ದರೆ ಅದು ಆ ಅಂಚಿನಲ್ಲಿ ಅರ್ಧ ಎದ್ದು, ಮಕ್ಕಳ ಬೆರಳ ಕೆಳಗೆ ನಡುಗುತ್ತಾ, ಒಳಗೆ ಹೋಗುತ್ತಾ, ಇದ್ದೇ ಇರುತ್ತದೆ.

ಧ್ವನಿಯ ಫೈಲನ್ನು ನೇರವಾಗಿ ತೆರೆದು ಕೇಳಬಹುದು ಎಂದು ರಾಜೇಶ್ವರಿ ಹೇಳಿದರು. ಆ ಸಾಲನ್ನೇ ಅಳಿಸಿಹಾಕಬಹುದು ಎಂದೂ ಹೇಳಿದರು. ಎರಡೂ ಬೇಡ ಎಂದೆ. ಕೇಳಿದರೆ ಅವಳು ಮಾಡಿಟ್ಟ ದಾರಿಯಲ್ಲೇ ಕೇಳಬೇಕು, ಪಟ್ಟಿ ಸರಿಸಿ, ಬೆರಳಿಂದ ಮುಟ್ಟಿ. ಹಾಗಾದರೆ ಆ ಸಾಲು ಯಾಕೆ ನಿಲ್ಲುತ್ತಿಲ್ಲ?

ಹಾಳೆ ಗಿಡ್ಡ ಇದೆ ಎಂದರು. ಹಾಳೆಯ ಉದ್ದವನ್ನು ಅವಳು ಕೈಯಿಂದ ಲೆಕ್ಕ ಹಾಕಿ ಬರೆದಿದ್ದಳು. ಪರದೆಯ ಅಳತೆಯಲ್ಲಿ ಸಾಲಿಗೆ ನೂರಾ ಇಪ್ಪತ್ತರಂತೆ ನಾಲ್ಕು ಸಾವಿರದ ಎಂಟುನೂರು. ಅಂದರೆ ನಲವತ್ತು ಸಾಲು. ಹಾಳೆ ಮುಗಿದ ಮೇಲೂ ಎಳೆದರೆ ಪಟ್ಟಿ ರಬ್ಬರಿನಂತೆ ಸ್ವಲ್ಪ ಹಿಗ್ಗಿ, ಬಿಟ್ಟ ಕೂಡಲೇ ಹಿಂದೆ ಹೋಗುತ್ತದೆ. ಕೊನೆಯ ಸಾಲಿನ ನಂಬರ್ ನೋಡಿದೆವು. ಅದೂ ನಲವತ್ತೇ. ಲೆಕ್ಕ ಸರಿ ಇತ್ತು. ಆದರೂ ಸಾಲು ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಣಿ ನಿಂತಿತು. ಜೋಳ ಬೀಸಿಸಲು ಬಂದಿದ್ದ ಚನ್ನಬಸಪ್ಪ ಕಾಕಾ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಏನಲೇ ಬಸು, ಗಿರಣಿ ಬಿಟ್ಟು ಹುಡುಗ್ರ ಆಟ ಹಿಡದೀ?" ಎಂದವರು ಲ್ಯಾಪ್‌ಟಾಪ್ ಯಾರದೆಂದು ನೋಡಿ ಹಿಂದೆ ಸರಿದರು. ಆಮೇಲೆ ಮಾಡಲು ಕೆಲಸವಿಲ್ಲದೆ, ತಂದ ಜೋಳವನ್ನು ಚೀಲದಿಂದ ಬುಟ್ಟಿಗೆ ಸೇರಿನಲ್ಲಿ ಅಳೆಯುತ್ತಾ ಕುಳಿತರು. ಲಾಭ. ಎರಡು. ಮೂರು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭದ ನಂತರ ಎರಡು.

ನನಗೆ ಥಟ್ಟನೆ ಹೊಳೆಯಿತು.

ಸುಮಂಗಲಾಳ ತವರು ಸಂಶಿ. ಅಲ್ಲಿ ಅವರ ಮನೆಯಲ್ಲಿ ಮಾತ್ರ ಲಾಭದ ನಂತರ ಒಂದು. ಮೊದಲನೆಯದು ದೇವರದ್ದು, ಲೆಕ್ಕಕ್ಕಿಲ್ಲ. ಅವಳು ಜೀವಮಾನವಿಡೀ ಹಾಗೇ ಎಣಿಸಿದಳು. ಅವಳು ಹತ್ತು ರೊಟ್ಟಿ ಎಂದರೆ ಹನ್ನೊಂದು ಇರುತ್ತಿದ್ದವು. ನಾನು ನಗುತ್ತಿದ್ದೆ. ಈ ಸಾಫ್ಟ್‌ವೇರ್ ಕಲಿಯುವಾಗ ಒಂದು ದಿನ ಓಡಿ ಬಂದು ಹೇಳಿದ್ದಳು, ಕಂಪ್ಯೂಟರ್ ಮೊದಲನೆಯದಕ್ಕೆ ಸೊನ್ನೆ ಎನ್ನುತ್ತದೆಯಂತೆ, ಆಮೇಲೆ ಒಂದು. "ನೋಡ್ರಿ, ಇದೂ ನಮ್ಮ ತವರಮನಿ ಲೆಕ್ಕ," ಎಂದು ಎಷ್ಟು ಖುಷಿಪಟ್ಟಿದ್ದಳು.

ಮೊದಲ ಸಾಲು ಸೊನ್ನೆ. ಕೊನೆಯದು ನಲವತ್ತು. ಒಟ್ಟು ನಲವತ್ತೊಂದು. ಅವಳ ಮಟ್ಟಿಗೆ ಅದು ನಲವತ್ತೇ. ಬೇರೆ ಯಾರಾದರೂ ಮತ್ತೊಮ್ಮೆ ಎಣಿಸಿ ನೋಡುತ್ತಿದ್ದರು. ಅವಳಿಗೆ ಅನುಮಾನವೇ ಬಂದಿರಲಿಕ್ಕಿಲ್ಲ. ದೇವರಿಗೆಂದು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಮೊದಲ ಸಾಲು ಕೊನೆಯ ಸಾಲಿನ ಜಾಗವನ್ನು ತಿಂದಿತ್ತು.

ರಾಜೇಶ್ವರಿ ಅಂಕಿಯನ್ನು ಅಳಿಸಿ ನಾಲ್ಕು ಸಾವಿರದ ಒಂಬೈನೂರಾ ಇಪ್ಪತ್ತು ಎಂದು ಬರೆದರು. ಸರಿಮಾಡಿದ ಆಟವನ್ನು ಟ್ಯಾಬ್‌ಗೆ ಹಾಕಿ, ಶುರು ಮಾಡಿ, ಪಟ್ಟಿಯನ್ನು ಮೇಲಕ್ಕೆ ಸರಿಸಿದರು. ಬಿಳಿ ಸಾಲು ಪೂರ್ತಿ ಮೇಲೆ ಬಂತು. ಕೈ ತೆಗೆದರು. ಅದು ಹೋಗಲಿಲ್ಲ. ಅಲ್ಲೇ ನಿಂತು ನನ್ನ ಕಡೆ ನೋಡುತ್ತಿದ್ದ ಹಾಗಿತ್ತು.

"ನಾ ಹೊರಗ ಇರ್ತೀನ್ರಿ," ಎಂದು ಎದ್ದು ಹೋದರು. ಕಾಕಾ ಅಳೆಯುವುದನ್ನು ನಿಲ್ಲಿಸಿದ್ದರು.

ಮುಟ್ಟಿದೆ.

ಮೊದಲು ಕುರ್ಚಿ ಸರಿದ ಸದ್ದು. ಆಮೇಲೆ ಅವಳು ಗಂಟಲು ಸರಿಮಾಡಿಕೊಂಡಳು. ಏನೋ ಒಂದು ಹೆಸರು ಹೇಳಲು ಉಸಿರೆಳೆದುಕೊಂಡಳು. ಅಷ್ಟರಲ್ಲಿ ದೂರದಿಂದ ಒಬ್ಬ ಗಂಡಸಿನ ದನಿ ಬಂತು.

"ಸುಮಾ, ಕರೆಂಟ್ ಹೋತು. ಚಾ ಕುಡಿಯೂಣ ಬಾ."

ಆ ದನಿ ನನ್ನದು. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಹಾಗೆ ಕರೆದದ್ದು ನೆನಪಿಲ್ಲ. ದಿನಾ ಕರೆಯುತ್ತಿದ್ದೆ, ಯಾವ ದಿನ ಎಂದು ನೆನಪಿರುತ್ತದೆ?

"ಬಂದೆ, ತಡೀರಿ," ಎಂದಳು.

ಚಪ್ಪಲಿಯ ಸದ್ದು ದೂರವಾಯಿತು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಎದ್ದುಹೋಗಿದ್ದಳು. ಮುಂದೆ ಬರೀ ಕೋಣೆ. ಯಾರೂ ಇಲ್ಲದ ಕೋಣೆಗೂ ಒಂದು ಸದ್ದು ಇರುತ್ತದೆ, ಗೊತ್ತೇ? ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಕುಳಿತಿದ್ದದ್ದು ಅದೇ ಕೋಣೆಯಲ್ಲಿ. ತಲೆಯ ಮೇಲೆ ಅದೇ ಗಡಿಯಾರ. ಎರಡೂ ಟಿಕ್ ಟಿಕ್‌ಗಳು ಹೊಂದುತ್ತಿರಲಿಲ್ಲ. ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಕೇಳುತ್ತಾ ಕೇಳುತ್ತಾ ಯಾವುದು ಅಂದಿನದು, ಯಾವುದು ಇಂದಿನದು ಎಂಬುದು ತಪ್ಪಿಹೋಯಿತು. ಆ ಕೋಣೆ ಖಾಲಿ ಇತ್ತು ಎಂದೆನಲ್ಲ, ಹಾಗಾದರೆ ನಾನು ಎಲ್ಲಿ ಕುಳಿತಿದ್ದೆ? ಬಾಗಿಲ ಕಡೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಮೂರು ನಿಮಿಷಕ್ಕೆ ರೆಕಾರ್ಡಿಂಗ್ ತಾನಾಗಿ ನಿಂತಿತು. ಒಂದು ಗಡಿಯಾರ ಉಳಿಯಿತು.

ಇನ್ನೊಮ್ಮೆ ಮುಟ್ಟಲಿಲ್ಲ.

ಮಕ್ಕಳಿಗೆ ಏನು ಮಾಡುವುದು ಎಂದು ನಾವು ಹೊರಗೆ ನಿಂತು ಬಹಳ ಹೊತ್ತು ಮಾತಾಡಿದೆವು. ಕೇಳಿಸಿದರೆ ಅಂಜಿಕೆ ಹೋಗುತ್ತದೆ ಎಂದು ರಾಜೇಶ್ವರಿಯ ವಿಚಾರ. ನನಗೂ ಸರಿ ಎನಿಸಿತು. ಇಲ್ಲದ ಒಬ್ಬಳನ್ನು ಹಿಡಿದು ನಿಲ್ಲಿಸಲು ಎಂಟು ವರ್ಷದ ಮಗು ಬೆರಳು ನೋಯಿಸಿಕೊಳ್ಳಬಾರದು. ಅದು ನನ್ನ ಕೆಲಸ, ಅವರದ್ದಲ್ಲ. ಸಾಲನ್ನು ಹಾಗೇ ಇಟ್ಟೆವು. ರಾಜೇಶ್ವರಿ ಟ್ಯಾಬ್ ತೆಗೆದುಕೊಂಡು ಹೋದರು.

ಸೋಮವಾರ ನಾನೂ ಹೋದೆ. ಮಕ್ಕಳು ಸುತ್ತ ಕುಳಿತರು. ಕಾವ್ಯಾ ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ಬಿಳಿ ಬಂತು. ಅಭ್ಯಾಸಬಲದಿಂದ ಬೆರಳು ಒತ್ತಿಯೇ ಹಿಡಿದಿದ್ದಳು. ಬಿಡವ್ವ, ಹೋಗುವುದಿಲ್ಲ ಎಂದೆ. ಬಿಟ್ಟಳು. ಹೋಗಲಿಲ್ಲ. ಮುಟ್ಟು ಎಂದೆ. ಮುಟ್ಟಿದಳು.

ಕುರ್ಚಿ. ಉಸಿರು. ನನ್ನ ದನಿ. "ಬಂದೆ, ತಡೀರಿ." ಚಪ್ಪಲಿಯ ಸದ್ದು. ಆಮೇಲೆ ಕೋಣೆ.

ಮಕ್ಕಳು ನಗುತ್ತಾರೆ ಎಂದುಕೊಂಡಿದ್ದೆ. ಅಥವಾ ಎದ್ದು ಓಡುತ್ತಾರೆ ಎಂದು. ಎರಡೂ ಆಗಲಿಲ್ಲ. ಒಬ್ಬೊಬ್ಬರಾಗಿ ತರಗತಿಯ ಬಾಗಿಲ ಕಡೆ ತಿರುಗಿದರು. ಮೂರು ನಿಮಿಷ, ಟ್ಯಾಬ್ ಟಿಕ್ ಟಿಕ್ ಎನ್ನುವಷ್ಟು ಹೊತ್ತೂ, ಬಾಗಿಲನ್ನೇ ನೋಡುತ್ತಾ ಕುಳಿತರು. ಸದ್ದು ನಿಂತ ಮೇಲೆ ಕಾವ್ಯಾ ಪಕ್ಕದವನನ್ನು ಮೊಣಕೈಯಿಂದ ತಿವಿದಳು.

"ಸರಿ ಲೇ. ಅಕ್ಕೋರಿಗೆ ಜಾಗಾ ಬಿಡು."

ಹುಡುಗ ಸರಿದ. ಒಬ್ಬರು ಕೂರುವಷ್ಟು ಜಾಗವಾಯಿತು.

ಈಗ ಶುಕ್ರವಾರ. ಆ ಜಾಗದಲ್ಲಿ ಇನ್ನೂ ಯಾರೂ ಕೂರುತ್ತಿಲ್ಲವಂತೆ. ನೀವೇ ಬಂದು ಹೇಳಿ ಎಂದು ರಾಜೇಶ್ವರಿ ಎರಡು ಸಲ ಫೋನ್ ಮಾಡಿದರು. ಅಕ್ಕೋರು ಬರುವುದಿಲ್ಲ ಎಂದು ಆ ಮಕ್ಕಳಿಗೆ ಹೇಳಬೇಕಾದವನು ನಾನೇ, ಒಪ್ಪುತ್ತೇನೆ. ಆದರೆ ಹಾಗೆಂದು ನನಗೆ ಯಾರು ಹೇಳಿದ್ದಾರೆ?