ಅಣು ಕರೆಂಟು ನಂಬಿ ಅಜ್ಜಿ ಕೊಟ್ಟ ಬೀಸೋಕಲ್ಲು

ಇವತ್ತು ಗಿರಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಕೊಟ್ಟೂರಿನ ನಮ್ಮಜ್ಜಿಯ ಪಡಸಾಲೆಗೆ ಹೋಗಿಬಿಟ್ಟೆ!

ಆಗೆಲ್ಲ ಕರೆಂಟು ಹೋದರೆ ಗಿರಣಿ ಬಂದ್. ಹೆಂಗಸರು ಡಬ್ಬಿಗಳನ್ನು ಪಾಳಿಯ ಸಾಲಿನಲ್ಲೇ ಬಿಟ್ಟು, ಮನೆಗೆ ಬಂದು ಬೀಸೋಕಲ್ಲಿನ ಮುಂದೆ ಕೂರುತ್ತಿದ್ದರು. ಏಳನೇ ಕ್ಲಾಸಿನ ಹುಡುಗಿ ನಾನು, ಒಂದು ದಿನ ಪೇಪರ್ ಹಿಡಿದು ಓಡಿ ಬಂದೆ.

"ಅಜ್ಜೀ, ಕಾರವಾರದ ಕಡಿ ಕೈಗಾದಾಗ ಅಣು ಕರೆಂಟು ಮಾಡ್ತಾರಂತ! ಅಣು ಒಡದ ಬಿಸಿಗೆ ನೀರು ಕಾಯಿಸಿ, ಆ ಹಬಿಯಿಂದ ಚಕ್ರ ತಿರುಗಿಸ್ತಾರಂತ!"

"ಡ್ಯಾಮಿನಾಗ ನೀರು ಇಳದ್ರೂ ಕರೆಂಟು ಹೋಗಂಗಿಲ್ಲೇನು?"

"ಹೋಗಂಗೇ ಇಲ್ಲ!"

ಆ ಸ್ಥಾವರ ಕಟ್ಟಲು ವರ್ಷಗಟ್ಟಲೆ ಬೇಕೆಂಬ ಸಾಲನ್ನು ನಾನು ಓದಿಯೇ ಇರಲಿಲ್ಲ. ಅಜ್ಜಿ ಅವತ್ತೇ, ಹೊಸದಾಗಿ ಸಂಸಾರ ಹೂಡಿದ್ದ ಪಕ್ಕದ ಮನೆ ನಿಂಗವ್ವನನ್ನು ಕರೆದಳು. "ನಮಗಿನ್ನ ಇದು ಬ್ಯಾಡ, ತಗಂಡು ಹೋಗವ್ವ" ಎಂದು ಬೀಸೋಕಲ್ಲನ್ನೇ ಕೊಟ್ಟುಬಿಟ್ಟಳು!

ವಾರದೊಳಗೆ ಊಟಕ್ಕೆ ಬೀಗರು ಬಂದರು, ಕರೆಂಟು ಹೋಯಿತು. ಹಿಟ್ಟಿಲ್ಲ! ಅಜ್ಜಿ ಜೋಳದ ಬುಟ್ಟಿ ಹೊತ್ತು, ನಿಂಗವ್ವನ ಮನೆಯಲ್ಲಿ ತನ್ನದೇ ಕಲ್ಲಿನ ಮುಂದೆ ಕೂತಳು. ಬೈಸಿಕೊಳ್ಳಲು ತಯಾರಾಗಿಯೇ ನಾನೂ, ಅವಳ ಕೈಯಲ್ಲಿ ಸವೆದು ನುಣ್ಣಗಾಗಿದ್ದ ಕಲ್ಲಿನ ಗೂಟ ಹಿಡಿದೆ.

ಅಜ್ಜಿ ನಕ್ಕುಬಿಟ್ಟಳು. "ಬರೋದು ಬಂದೇ ಬರತೈತಿ ಬಿಡು. ನಾನ ಕಲ್ಲು ಒಂಚೂರು ಜಲ್ದಿ ಕೊಟ್ಟೆ, ಅಷ್ಟೇ."

ಇವತ್ತು ನನ್ನ ಡಬ್ಬಿ ತುಂಬುವವರೆಗೆ ಗಿರಣಿ ಒಮ್ಮೆಯೂ ನಿಲ್ಲಲಿಲ್ಲ. ಬಿಸಿ ಹಿಟ್ಟಿನಲ್ಲಿ ಕೈ ಇಟ್ಟು, ಪಾಳಿಯವರೆಲ್ಲ ತಿರುಗಿ ನೋಡುವಂತೆ ಅಂದುಬಿಟ್ಟೆ: "ಅಜ್ಜೀ, ಬಂತು ನೋಡು!"