ಹಿಂತಿರುಗಿ ನೋಡದ ಲಿಗೋರಿ ಪೊರ್ಬುಗಳು

ಲಿಗೋರಿ ಪೊರ್ಬುಗಳು ಮಣಿಪಾಲದ ಕಾಂಕ್ರೀಟ್ ರಸ್ತೆಯಲ್ಲೂ ಹಡಗಿನ ಡೆಕ್ಕಿನ ಮೇಲೆ ನಡೆದ ಹಾಗೆ ನಡೆಯುತ್ತಿದ್ದರು. ಎರಡು ಕಾಲೂ ಒಂದಕ್ಕೊಂದು ದೂರ, ಮೊಣಕಾಲು ಸ್ವಲ್ಪ ಬಗ್ಗಿ. ತಿರುವು ಬಂದರೆ ಬಲಗೈ ತಾನಾಗಿ ಮೇಲೆದ್ದು, ಇಲ್ಲದ ಕಂಬಿಯೊಂದನ್ನು ಹಿಡಿಯುತ್ತಿತ್ತು. ಪೊರ್ಬು ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು; ಈ ಪೊರ್ಬುಗಳು ನಾರ್ವೆಯ ಕರಾವಳಿಯಲ್ಲಿ ಊರಿಂದೂರಿಗೆ ಜನ ಸಾಗಿಸುವ ಹಡಗಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿ ಬಂದವರು. ಹಡಗಿನಿಂದ ಅವರು ಇಳಿದು ಬಹಳ ಕಾಲವಾಗಿತ್ತು. ಅವರ ಕಾಲುಗಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ನನ್ನಂಥವನಿಗೆ ಇದು ಹಬ್ಬದೂಟ. ಹಗಲಿಗೆ ನಾನು ವಿದ್ಯಾರ್ಥಿಗಳ ಥೀಸಿಸ್‌ಗೆ ರಟ್ಟು ಕಟ್ಟಿ ಚಿನ್ನದ ಅಕ್ಷರ ಒತ್ತುವವನು, ಸಂಜೆಗೆ ಮಿಮಿಕ್ರಿಯವನು. ಮಾತಿಗಿಂತ ನಡಿಗೆ ನನಗೆ ಚೆನ್ನಾಗಿ ಬರುತ್ತದೆ. ನಮ್ಮ ಓಣಿಯಲ್ಲಿ ನಾನು ನಡೆದು ತೋರಿಸದ ಜನರಿಲ್ಲ. ನನ್ನನ್ನೂ ಬಿಟ್ಟಿಲ್ಲ: ಮೊದಲು ಹೊಟ್ಟೆ ಅಂಗಡಿಗೆ ತಲುಪುತ್ತದೆ, ಎರಡು ನಿಮಿಷ ಕಳೆದು ನಾನು. ಆ ದೂರವೂ ಸ್ಕೂಟರಿನ ಮೇಲೆ.

ಪೊರ್ಬುಗಳ ಎದುರಿಗೇ ಅವರ ಹಾಗೆ ನಡೆದರೆ ಅವರು ತಮ್ಮ ಕೊಂಕಣಿಯಲ್ಲಿ ಪುತಾ, ಅಂದರೆ ಮಗನೇ, ಎಂದು ಕರೆದು ಗಂಭೀರವಾಗಿ ತಿದ್ದುತ್ತಿದ್ದರು. "ಎಡಗಾಲು ಇನ್ನೂ ಸ್ವಲ್ಪ ಹೊರಗೆ ಪುತಾ. ಅಲೆ ಆ ಕಡೆಯಿಂದ ಬರುದಲ್ವಾ?"

ಅವರಿಗೆ ಪ್ರತಿ ದಾರಿಗೂ ಒಂದು ಬಣ್ಣ. ಸುಲಭದ ದಾರಿಗೆ ಹಸಿರು, ಸ್ವಲ್ಪ ಕಷ್ಟಕ್ಕೆ ನೀಲಿ, ಕಷ್ಟಕ್ಕೆ ಕೆಂಪು, ಗಟ್ಟಿಗರಿಗೆ ಕಪ್ಪು. ನಾರ್ವೆಯಲ್ಲಿ ದಾರಿಯ ಬೋರ್ಡಿನಲ್ಲಿ ಹೀಗೆ ಹಾಕಿರುತ್ತಾರಂತೆ. ಇಲ್ಲಿಗೂ ಅದೇ ಲೆಕ್ಕ. ಕಾಪುವಿನ ಕಡಲತೀರ ನೀಲಿ, ಯಾಕೆಂದರೆ ಮರಳು ಕಾಲು ಎಳೆಯುತ್ತದೆ. ಕಾರ್ಕಳದ ಗೊಮ್ಮಟನ ಬೆಟ್ಟ ಕೆಂಪು. ಉಡುಪಿಯ ರಥಬೀದಿ?

"ಕಪ್ಪು ಪುತಾ, ಕಪ್ಪು. ಹತ್ತು ಹೆಜ್ಜೆಗೆ ಒಬ್ಬ ಗುರುತಿನವ ಸಿಗ್ತಾನೆ."

ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಆ ದೇಶದ ಯಾವುದೋ ಸಣ್ಣ ಪೇಟೆಯ ಕೆರೆ. ಹಡಗು ನಿಂತಷ್ಟು ಹೊತ್ತು ಅದಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರಂತೆ. "ಸಪಾಟು ದಾರಿ. ಸ್ವಲ್ಪ ಸ್ವಲ್ಪ ದೂರಕ್ಕೆ ಬೆಂಚು ಉಂಟು. ಮುದುಕಿಯರು ಆಧಾರಕ್ಕೆ ಚಕ್ರದ ಗಾಡಿ ಹಿಡ್ಕೊಂಡು ಆರಾಮ ಬರ್ತಾರೆ. ಎದುರು ಸಿಕ್ಕಿದರೆ 'ಹೈ ಹೈ'. ಅಷ್ಟೇ. ಎಂತ ಆಯ್ತು, ಯಾವ ಡಾಕ್ಟರ್, ಮೂಳೆಗೆ ಎಷ್ಟು ಸ್ಕ್ರೂ ಹಾಕಿದ್ದಾರೆ, ಒಬ್ಬನೂ ಕೇಳುದಿಲ್ಲ."

"ಅಷ್ಟು ಸುಖ ಇದ್ದರೆ ಮತ್ತೆ ಯಾಕೆ ಬಂದದ್ದು ನೀವು?"

"ಒಬ್ಬನೂ ಕೇಳುದಿಲ್ಲ ಮಾರಾಯ. ಅದಕ್ಕೇ."

ಇನ್ನು ನನ್ನ ಪಾಪದ ವಿಷಯ. ಪೊರ್ಬುಗಳ ಹೆಂಡತಿ ಸೆವ್ರಿನ್ ಬಾಯಮ್ಮನವರು ಅಂಗಳದಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿತ್ತು. ಮೊದಲು ಇಗರ್ಜಿಗೆ ಎಲ್ಲರಿಗಿಂತ ಮುಂದೆ ತಲುಪುತ್ತಿದ್ದ ಹೆಂಗಸು. ದಿನಾ ನಡೆಯಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರಂತೆ. ಗಂಡ ಆಟೋದಲ್ಲಿ ಅವರನ್ನು ಮಣ್ಣಪಳ್ಳದ ಕೆರೆಗೆ ಕರೆತಂದು ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಒಂದು ಸಂಜೆ ಅದೇ ಕೆರೆಯ ಬದಿಯಲ್ಲಿ ಗೆಳೆಯರನ್ನು ನಗಿಸುತ್ತಾ ನಾನು ಒಬ್ಬೊಬ್ಬರನ್ನೇ ನಡೆದು ತೋರಿಸುತ್ತಿದ್ದೆ. ಊರಿನವರೆಲ್ಲರ ಸರದಿ ಮುಗಿಯಿತು. ಆಗ ಬಾಯಮ್ಮನವರನ್ನು ತೆಗೆದುಕೊಂಡೆ. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಎಳೆಯುವ ಬಲಗಾಲು, ನೋವನ್ನು ಕಚ್ಚಿ ಹಿಡಿದ ತುಟಿ. ಗೆಳೆಯರು ನಕ್ಕರು. ಮರುಕ್ಷಣ ಎಲ್ಲರೂ ಒಟ್ಟಿಗೇ ನಿಲ್ಲಿಸಿದರು.

ಬಾಯಮ್ಮನವರು ನನ್ನ ಹಿಂದೆ ನಿಂತಿದ್ದರು. ಹಿಂದೆ ತಿರುಗಲು ಅವರಿಗೆ ಐದು ಹೆಜ್ಜೆ ಬೇಕಾಯಿತು. ಆ ಐದು ಹೆಜ್ಜೆಗಳನ್ನೂ ನಾನು ನೋಡುತ್ತಾ ನಿಂತೆ. ನಾನು ಮಾಡಿ ತೋರಿಸಿದ್ದು ತುಂಬಾ ಸರಿಯಾಗಿತ್ತು. ಅದೇ ನಾಚಿಕೆ. ಮರುದಿನದಿಂದ ಅವರು ಗೇಟು ದಾಟಲಿಲ್ಲ.

ವಾರ ಕಳೆದು ಪೊರ್ಬುಗಳು ನನ್ನ ಅಂಗಡಿಗೆ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಬಿಡಿಸಿ, "ಇದಕ್ಕೆ ಲ್ಯಾಮಿನೇಷನ್ ಮಾಡಿ ಕೊಡು" ಎಂದರು. ಹಿಂಬದಿಯಲ್ಲಿ ಕೈಯಿಂದ ಬರೆದ ನಕ್ಷೆ. ಅವರ ಮನೆಯ ಗೇಟು, ಹಲಸಿನ ಮರ, ಹಮೀದಾಕನ ಎಳನೀರಿನ ಅಂಗಡಿ, ಮೋರಿ, ಹೀಗೇ ಸಾಗಿ ಕೊನೆಗೆ ಕೆರೆ. ಒಂದೊಂದರ ನಡುವೆಯೂ ಹೆಜ್ಜೆಗಳ ಸಂಖ್ಯೆ, ನಲವತ್ತಕ್ಕಿಂತ ಜಾಸ್ತಿ ಎಲ್ಲೂ ಇಲ್ಲ. ನಲವತ್ತಾದಲ್ಲಿ ಒಂದು ಕುರ್ಚಿಯ ಚಿತ್ರ. ಕೆಳಗೆ ದೊಡ್ಡದಾಗಿ: ಹಸಿರು.

"ಯಾರಿಗೆ ಪೊರ್ಬುಲೆ ಇದು?" ಗೊತ್ತಿದ್ದೂ ಕೇಳಿದೆ.

"ಸೆವ್ರಿನ್‌ಗೆ. ಅವಳಿಗೆ ಎಷ್ಟು ಹೆಜ್ಜೆಗೆ ನೋವು ಶುರು ಆಗ್ತದೆ, ನೋಡಿ ಹೇಳು. ಅವಳ ನಡಿಗೆ ನನಗಿಂತ ನಿನಗೆ ಚೆನ್ನಾಗಿ ಗೊತ್ತುಂಟು."

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಾನು ನಕ್ಷೆ ನೋಡಿದೆ. "ನಲವತ್ತು ಜಾಸ್ತಿ. ಮೂವತ್ತಕ್ಕೇ ತುಟಿ ಕಚ್ಚುತ್ತಾರೆ" ಎಂದೆ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ನನ್ನ ಕೌಂಟರಿನ ಮೇಲೆಯೇ ಎಲ್ಲಾ ಕುರ್ಚಿಗಳನ್ನು ತಿದ್ದಿದರು.

ನಾರ್ವೆಯಲ್ಲಿ ದಾರಿ ತೋರಿಸಲು ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ T ಅಕ್ಷರ ಬರೆಯುತ್ತಾರಂತೆ. "ದಾರಿ ಹಸಿರಾದರೂ ಗುರುತು ಕೆಂಪೇ. ಮಂಜಿನಲ್ಲೂ ಕಾಣಬೇಕಲ್ವಾ?" ಮಣಿಪಾಲದಲ್ಲಿ ಎಂಥ ಮಂಜು ಎಂದು ಕೇಳುವ ಧೈರ್ಯ ನನಗೆ ಆಗ ಇರಲಿಲ್ಲ. ಥೀಸಿಸ್‌ನ ರಟ್ಟಿನಲ್ಲಿ T ಆಕಾರ ಕತ್ತರಿಸಿ ಕೊಟ್ಟೆ. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದವರೇ ಪೊರ್ಬುಗಳು ಒಂದು ಡಬ್ಬಿ ಕೆಂಪು ಬಣ್ಣದೊಂದಿಗೆ ಹೊರಟರು. ನಾನು ರಟ್ಟು ಹಿಡಿದೆ, ಅವರು ಬಳಿದರು. ಕಂಪೌಂಡಿನ ಮೂಲೆ, ಕೆಂಪುಕಲ್ಲು, ಮೋರಿಯ ಕಟ್ಟೆ, ಎಲ್ಲದರ ಮೇಲೂ T. ಯಾರನ್ನೂ ಕೇಳಲಿಲ್ಲ. ಕೇಳದೇ ಇರುವುದೇ ಅವರ ಪಾಲಿಗೆ ಮರ್ಯಾದೆ.

ನಮ್ಮ ಕಡೆ ಕಂಪೌಂಡಿನ ಮೇಲೆ ಕೆಂಪು ಗುರುತು ಬಿದ್ದರೆ ಅದಕ್ಕೆ ಒಂದೇ ಅರ್ಥ: ರಸ್ತೆ ಅಗಲ ಆಗುತ್ತದೆ. ಸೋಮವಾರ ಬೆಳಿಗ್ಗೆ ಇಡೀ ಓಣಿ ಹೊರಗಿತ್ತು. ಒಬ್ಬರು ಟೇಪು ಹಿಡಿದು ರಸ್ತೆಯ ಮಧ್ಯದಿಂದ ತಮ್ಮ ಗೋಡೆಗೆ ಅಳೆಯುತ್ತಿದ್ದರು. ಹಮೀದಾಕ ಎಳನೀರಿನ ಗೊನೆಗಳನ್ನು ಆಗಲೇ ಹಿಂದೆ ಸಾಗಿಸಿ, "ನನ್ನ ಅಂಗಡಿಗೆ ಎರಡು T ಉಂಟು, ಪಕ್ಕದವರಿಗೆ ಒಂದೇ, ಇದು ಯಾವ ನ್ಯಾಯ?" ಎಂದು ಕೂಗುತ್ತಿದ್ದರು.

ಪೊರ್ಬುಗಳು ಬಂದು ವಿವರಿಸಿದರು. ನಾರ್ವೆ ಎಂದರು, ಕೆರೆ ಎಂದರು, ಮಂಜು ಎಂದರು. ಯಾರೂ ನಂಬಲಿಲ್ಲ. "ಕೆಲಸದ ಕಾಂಟ್ರಾಕ್ಟ್ ಯಾರಿಗೆ ಸಿಕ್ಕಿದ್ದು, ಅದು ಹೇಳಿ ಪೊರ್ಬುಲೆ" ಎಂದರು ಟೇಪಿನವರು.

ಆಗ ಟಕ್ ಎಂದು ಕೋಲಿನ ಶಬ್ದ. ಗಲಾಟೆ ಕೇಳಿ ಬಾಯಮ್ಮನವರು ಗೇಟಿಗೆ ಬಂದಿದ್ದರು. ಅಲ್ಲಿಂದ ಹಲಸಿನ ಮರಕ್ಕೆ. ಅಲ್ಲಿಂದ ಹಮೀದಾಕನ ಅಂಗಡಿಗೆ. ಜನರೆಲ್ಲ ತಮ್ಮ ತಮ್ಮ ಗೋಡೆಯ ಚಿಂತೆಯಲ್ಲಿ ಮುಳುಗಿದ್ದರಿಂದ ಕಾಲಿಗೆ ಎಂತ ಆಯ್ತು ಎಂದು ಕೇಳಲು ಒಬ್ಬರಿಗೂ ಪುರುಸೊತ್ತಿರಲಿಲ್ಲ. ಅವರು ಗೋಡೆಯ ಮೇಲಿನ T ನೋಡಿದರು, ಗಂಡನ ಕೈಗೆ ಅಂಟಿದ ಬಣ್ಣ ನೋಡಿದರು, ನನ್ನ ಅಂಗಿಗೆ ಹತ್ತಿದ ಬಣ್ಣವನ್ನೂ ನೋಡಿದರು.

"ಇಬ್ಬರು ಹುಚ್ಚರು ಸೇರಿ ನನಗೆ ರಸ್ತೆ ಮಾಡಿದ್ದಾರೆ" ಎಂದು ಜನರಿಗೆ ಹೇಳಿ, ಜೋರಾಗಿ ನಕ್ಕರು. ಹಮೀದಾಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ನಕ್ಷೆಯಲ್ಲಿ ಕುರ್ಚಿಯ ಚಿತ್ರ ಇದ್ದದ್ದು ಅದೇ ಜಾಗದಲ್ಲಿ. ಆ ಕುರ್ಚಿ ಮತ್ತೆ ಒಳಗೆ ಹೋಗಲೇ ಇಲ್ಲ.

ಅಂದಿನಿಂದ ದಿನಾ ಸಂಜೆ ಗಂಡ ಹೆಂಡತಿ ಕೆರೆಗೆ ನಡೆದುಕೊಂಡೇ ಹೋಗುತ್ತಿದ್ದರು. ಪೊರ್ಬುಗಳು ಹತ್ತು ಹೆಜ್ಜೆ ಮುಂದೆ. ಒಮ್ಮೆಯೂ ಹಿಂತಿರುಗಿ ನೋಡುತ್ತಿರಲಿಲ್ಲ. ಇದೆಂಥ ಗಂಡ ನೀವು ಎಂದು ನಾನೇ ಅವರನ್ನು ಕೇಳಿದ್ದೆ.

"ತಿರುಗಿ ನೋಡಿದರೆ ಅವಳಿಗೆ ತಾನು ಹಿಂದೆ ಉಳಿದೆ ಅಂತ ಆಗ್ತದೆ ಪುತಾ. ಕೋಲಿನ ಶಬ್ದ ಕೇಳ್ತದಲ್ಲ. ಅದು ನಿಂತರೆ ನಾನೂ ನಿಂತು ಶೂ ಕಟ್ತೇನೆ."

ಅವರ ಶೂಗೆ ಲೇಸೇ ಇರಲಿಲ್ಲ.

ಹಮೀದಾಕ ಈ ಹೊತ್ತಿಗೆ ಪೊರ್ಬುಗಳಿಂದ ಪಾಠ ಕಲಿತಿದ್ದರು. ಬಾಯಮ್ಮ ಹಾದುಹೋಗುವಾಗ ಅವರ ಬಾಯಿ ತುಂಬಾ ಪ್ರಶ್ನೆಗಳಿರುತ್ತಿದ್ದವು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲವನ್ನೂ ನುಂಗಿ, "ಹೈ ಹೈ ಬಾಯಮ್ಮ" ಎನ್ನುತ್ತಿದ್ದರು.

ಈ ಸಲ ಮಳೆ ಶುರುವಾಗುವ ಮೊದಲು ಪೊರ್ಬುಗಳು ನಿದ್ದೆಯಲ್ಲೇ ಹೋದರು. ಅವರ ಎರಡು ಕಾಲುಗಳು ಜೋಡಿಯಾಗಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಶವಪೆಟ್ಟಿಗೆಯಲ್ಲಿ. ಬಾಯಮ್ಮನವರ ಗೇಟು ಮತ್ತೆ ಮುಚ್ಚಿತು. ಮಳೆಗೆ T ಗಳು ಮಾಸಿದವು. ನಾನು ಯಾರ ನಡಿಗೆಯನ್ನೂ ತೋರಿಸಲಿಲ್ಲ.

ಮಳೆ ಬಿಟ್ಟ ಒಂದು ಸಂಜೆ ಅವರ ಮನೆಯ ಮುಂದೆ ಸ್ಕೂಟರಿನಲ್ಲಿ ಹಾದುಹೋಗುತ್ತಿದ್ದಾಗ ಗೇಟಿನ ಒಳಗಿಂದ ಬಾಯಮ್ಮ ಕರೆದರು.

"ನನ್ನ ಹಾಗೆ ನೀನು ನಡೆದದ್ದು ನೋಡಿದ್ದೇನೆ. ಅವರ ಹಾಗೆಯೂ ನಡೀತಿ ಅಂತೆ. ಅದು ನಾನು ನೋಡಲಿಲ್ಲ."

ನಾನು ತಲೆ ತಗ್ಗಿಸಿದೆ.

"ನಡಿ. ನನ್ನ ಮುಂದೆ ಹೋಗು. ತಿರುಗಿ ನೋಡ್ಬೇಡ."

ಸ್ಕೂಟರ್ ಅಲ್ಲೇ ನಿಲ್ಲಿಸಿದೆ. ಕಾಲು ಅಗಲಿಸಿದೆ, ಮೊಣಕಾಲು ಬಗ್ಗಿಸಿದೆ. ಅಲೆ ಬರುವ ಕಡೆಗೆ ಎಡಗಾಲು ಇನ್ನೂ ಸ್ವಲ್ಪ ಹೊರಗೆ. ಹಲಸಿನ ಮರ. ಹಿಂದೆ ಟಕ್, ಟಕ್. ತಿರುವಿನಲ್ಲಿ ಇಲ್ಲದ ಕಂಬಿ ಹಿಡಿದೆ. ಹಮೀದಾಕ ಮಚ್ಚು ಎತ್ತಿದವರು ಎತ್ತಿದ ಹಾಗೇ ನನ್ನನ್ನೇ ನೋಡುತ್ತಾ ನಿಂತರು. ಮೋರಿಯ ಹತ್ತಿರ ಕೋಲಿನ ಶಬ್ದ ನಿಂತಿತು. ನಾನು ಬಗ್ಗಿ ನನ್ನ ಹವಾಯಿ ಚಪ್ಪಲಿಯ ಲೇಸು ಕಟ್ಟಿದೆ. ತುಂಬಾ ಹೊತ್ತು ಕಟ್ಟಿದೆ. ಹಿಂದಿನಿಂದ ಮೂಗು ಎಳೆದ ಶಬ್ದ ಕೇಳಿತು. ಎಂತ ಆಯ್ತು ಬಾಯಮ್ಮ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಮತ್ತೆ ಟಕ್, ಟಕ್. ಈ ಸಲ ಹತ್ತಿರ, ಇನ್ನೂ ಹತ್ತಿರ. ಬಗ್ಗಿ ಕುಳಿತವನ ಪಕ್ಕದಿಂದ ಕೋಲು ದಾಟಿತು, ಎಡಗಾಲು ದಾಟಿತು, ಬಲಗಾಲೂ ದಾಟಿತು.

"ಹೈ ಹೈ" ಎಂದರು ಬಾಯಮ್ಮ. ನನ್ನ ಕಡೆ ನೋಡದೆ ಕೆರೆಯ ದಾರಿ ಹಿಡಿದರು.