ಸೋಸುಬಟ್ಟೆಯವರ ಇಂಗ್ಲಿಷು

ಕಾರ್ಮಿಕ ನ್ಯಾಯಾಲಯದ ತರ್ಜುಮೆದಾರರಿಗೆ ವಕೀಲರೆಲ್ಲ ಸೇರಿ ಇಟ್ಟ ಹೆಸರು ಸೋಸುಬಟ್ಟೆ. ಸಾಕ್ಷಿಗಳು ತಮ್ಮ ಮಾತಿನಲ್ಲಿ ಏನೇ ಕಾರಿಕೊಂಡರೂ ಅದು ಇವರ ಬಾಯಿಂದ ಇಂಗ್ಲಿಷಾಗಿ ಇಳಿಯುವಾಗ ಗಸಿಯೆಲ್ಲ ಮೇಲೆ ನಿಂತು ಬರೀ ತಿಳಿ ಬರುತ್ತಿತ್ತು. ಒಬ್ಬ ಮೇಸ್ತ್ರಿ ಇನ್ನೊಬ್ಬನ ವಂಶವನ್ನು ಏಳು ತಲೆಮಾರಿನವರೆಗೆ ಜಾಲಾಡಿದ್ದನ್ನು ಅವರು ‘ಸಾಕ್ಷಿಯು ಅಸಮಾಧಾನ ವ್ಯಕ್ತಪಡಿಸಿದನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದುಂಟು. ಇಪ್ಪತ್ತೆಂಟು ವರ್ಷಗಳಲ್ಲಿ ಅವರ ತರ್ಜುಮೆಗೆ ಒಂದೂ ತಿದ್ದುಪಡಿ ಬಿದ್ದಿರಲಿಲ್ಲ. ಇದನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೇಳುವವರೆಗೆ ಮಾತನ್ನು ಆ ಕಡೆಗೇ ತಿರುಗಿಸುತ್ತಿದ್ದರು, ಅಷ್ಟೆ.

ಹೀಗಿರುವಾಗ ಅವರ ಮುಂದೆ ಪ್ರೆಸ್ಸಿನ ಬೈಂಡರ್ ಒಬ್ಬನ ಕೇಸು ಬಂತು. ಹತ್ತೊಂಬತ್ತು ವರ್ಷ ಪುಸ್ತಕ ಹೊಲಿದವನನ್ನು ಮಾಲೀಕರು ಒಂದೇ ದಿನದಲ್ಲಿ ಕೆಲಸದಿಂದ ತೆಗೆದಿದ್ದರು. ಕಾರಣ, ತುಂಬಿದ ಸಭೆಯಲ್ಲಿ ಬೇಕೆಂದೇ ಮಾಡಿದ ಅವಮಾನ. ನಡೆದದ್ದು ಇಷ್ಟು: ಹೊಸ ಯಂತ್ರ ಬಂದ ದಿನ ಮಾಲೀಕರು ಭಾಷಣಕ್ಕೆಂದು ಹಳೆಯ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಶಿಸ್ತಿನ ವಿಷಯ ಬಂದಾಗ, ಮಾತು ಎಲ್ಲರ ಎದೆಗೆ ನಾಟಲೆಂದು ಒಂದು ಗಳಿಗೆ ಸುಮ್ಮನಾದರು. ಅದೇ ಗಳಿಗೆಯಲ್ಲಿ ಬೈಂಡರ್ ಕಾಲ ಬಳಿ ಜಾರುತ್ತಿದ್ದ ಕಾಗದದ ಕಟ್ಟನ್ನು ಎತ್ತಲು ಬಗ್ಗಿದ, ಬಗ್ಗಿದವನು ಹೂಸು ಬಿಟ್ಟ. ಸದ್ದು ಮಾಡುವ ಜಾತಿಯದು. ಮೂವತ್ತು ಜನ ನಕ್ಕರು. ಭಾಷಣ ಅಲ್ಲಿಗೆ ಮುಗಿಯಿತು, ಬೈಂಡರನ ಕೆಲಸವೂ.

ಸಾಕ್ಷಿಕಟ್ಟೆಯಲ್ಲಿ ನಿಂತು ಅವನೇನೂ ಮುಚ್ಚಿಡಲಿಲ್ಲ. ವಕೀಲರನ್ನೂ ಇಟ್ಟುಕೊಂಡಿರಲಿಲ್ಲ, ನಿಜ ಹೇಳೋದಕ್ಕೆ ವಕೀಲರು ಯಾಕೆ ಎಂದಿದ್ದನಂತೆ.

“ಸಾಹುಕಾರ್ರು ಮಾತಾಡ್ತಿದ್ರು. ನಾನು ಹೂಸು ಬಿಟ್ಟಿದ್ದು ನಿಜ,” ಎಂದ.

ಸೋಸುಬಟ್ಟೆಯವರು ಕನ್ನಡಕ ಏರಿಸಿಕೊಂಡು, ಮಾಲೀಕರು ಮಾತಾಡುತ್ತಿದ್ದಾಗ ತಾನು ಅನುಚಿತವಾದ ಸದ್ದೊಂದನ್ನು ಮಾಡಿದ್ದಾಗಿ ಸಾಕ್ಷಿಯು ಒಪ್ಪಿಕೊಂಡಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನ್ಯಾಯಾಧೀಶರು ಬೇರೆ ಸೀಮೆಯಿಂದ ವರ್ಗವಾಗಿ ಬಂದ ಹೆಂಗಸು, ಇಲ್ಲಿಯ ಮಾತು ಬಾರದು. ಕೇಳಿದ್ದನ್ನು ಕೇಳಿದ ಹಾಗೆ ಬರೆಸಿಕೊಂಡರು. ಮಾಲೀಕರ ವಕೀಲರಿಗೆ ಎರಡೂ ಮಾತು ಬರುತ್ತಿತ್ತು. ಅವರು ಕೆಮ್ಮಿ ಸುಮ್ಮನಾದರು. ನ್ಯಾಯಾಧೀಶರು, ಸಿಳ್ಳೆಯೋ ಕೂಗೋ ಯಾವುದಾದರೇನು, ಮಾಡಿದವನೇ ಒಪ್ಪಿಕೊಂಡ ಮೇಲೆ ಇನ್ನು ವಿಚಾರಿಸುವುದೇನಿದೆ, ಊಟವಾದ ಮೇಲೆ ತೀರ್ಪು ಬರೆಸುತ್ತೇನೆ ಎಂದು ಎದ್ದರು.

ತರ್ಜುಮೆದಾರರ ಕೋಣೆಯಲ್ಲಿ ಎರಡು ಮೇಜು, ಸೂರು ಮುಟ್ಟುವ ಫೈಲುಗಳು, ಒಂದು ದಪ್ಪ ನಿಘಂಟು. ಎದುರು ಮೇಜಿನ ಟೈಪಿಸ್ಟ್ ಹೆಂಗಸು ಊಟದ ಡಬ್ಬಿ ಬಿಚ್ಚುತ್ತ ಹೇಳಿದಳು, “ಸಾರ್, ಅವನು ಸಿಳ್ಳೆ ಹೊಡೆದ ಅಂತಲೇ ಮೇಡಂ ತಿಳ್ಕೊಂಡಿದಾರೆ.”

“ನಾನು ಸಿಳ್ಳೆ ಅಂದ್ನೇನಮ್ಮಾ?”

“ಹೂಸು ಅಂತಲೂ ಅನ್ನಲಿಲ್ವಲ್ಲ.”

ಅವರು ನಿಘಂಟು ಎಳೆದುಕೊಂಡರು. ಫಾರ್ಟ್ ಎಂಬ ಪದ ಅಲ್ಲಿ ನೂರಾರು ವರ್ಷಗಳಿಂದ ಆರಾಮವಾಗಿ ಕೂತಿತ್ತು, ಪಕ್ಕದಲ್ಲಿ ಅಸಭ್ಯ ಎಂಬ ಚೀಟಿ ಅಂಟಿಸಿಕೊಂಡು. ಅದಕ್ಕೇ ಅರೌಂಡ್ ಸೇರಿಸಿದರೆ ಕೆಲಸವಿಲ್ಲದೆ ಹೊತ್ತು ಕಳೆಯುವುದು. ಓಲ್ಡ್ ಸೇರಿಸಿದರೆ ತಲೆ ತಿನ್ನುವ ಮುದುಕ. ಆ ಸಾಲನ್ನು ಅವರು ಬೇಗ ದಾಟಿದರು. ಮರ್ಯಾದಸ್ಥರಿಗೆ ಬ್ರೇಕ್ ವಿಂಡ್ ಇತ್ತು, ಅಂದರೆ ಗಾಳಿಯನ್ನು ಮುರಿಯುವುದು. ಡಾಕ್ಟರುಗಳಿಗೆ ಫ್ಲೇಟಸ್. ಇಷ್ಟು ದೊಡ್ಡ ಭಾಷೆಯೂ ಇಷ್ಟು ಚಿಕ್ಕ ಸಂಗತಿಗೆ ಪರದಾಡಿದ್ದನ್ನು ಕಂಡು ಅವರಿಗೆ ಕೊಂಚ ಸಮಾಧಾನವಾಯಿತು. ಆದರೆ ಯಾವುದನ್ನು ಹೇಳಬೇಕಾದರೂ ಮೊದಲು ತಮ್ಮ ತರ್ಜುಮೆ ತಪ್ಪೆಂದು ಬರೆದು ಸಹಿ ಹಾಕಬೇಕು.

“ಒಂದು ಪದದ ವಿಷಯ, ಬಿಡಿ,” ಎಂದರು.

“ಅವನು ಹೊರಗೆ ಬೆಂಚಿನ ಮೇಲೆ ಕೂತಿದಾನೆ ಸಾರ್. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಇನ್ನು ಕೆಲಸ ಸಿಕ್ಕಿದ ಹಾಗೇ ಅಂತಿದ್ದ ನನ್ನ ಹತ್ರ,” ಎಂದು ಆಕೆ ಊಟಕ್ಕೆ ಕೈ ಹಚ್ಚಿದಳು.

ಸೋಸುಬಟ್ಟೆಯವರು ಆ ದಿನ ತಮ್ಮ ಡಬ್ಬಿ ಬಿಚ್ಚಲಿಲ್ಲ.

ಕಲಾಪ ಮತ್ತೆ ಶುರುವಾದಾಗ ಅವರು ಎದ್ದು ನಿಂತು, ಬೆಳಗಿನ ತರ್ಜುಮೆಯಲ್ಲಿ ತಮ್ಮಿಂದ ತಪ್ಪಾಗಿದೆ, ಸಾಕ್ಷಿ ಹೇಳಿದ್ದು ಫ್ಲೇಟಸ್ಸಿನ ವಿಷಯ ಎಂದರು. ಮಾಲೀಕರ ವಕೀಲರು ತಟ್ಟನೆ ಆಕ್ಷೇಪಿಸಿದರು. ಬೈಂಡರನ ಬಾಯಲ್ಲಿ ಡಾಕ್ಟರರ ಪದ ಹೇಗೆ ಬಂತು, ಅವನು ಆಡಿದ ಪದಕ್ಕೆ ಸರಿಸಾಟಿಯಾದದ್ದನ್ನೇ ಹೇಳಲಿ ಎಂದು ಪಟ್ಟು ಹಿಡಿದರು. ಸೋಸುಬಟ್ಟೆಯವರ ಮಡಿವಂತಿಕೆಯ ಮೇಲೆ ಅವರಿಗೆ ಅಷ್ಟು ಭರವಸೆ. ನ್ಯಾಯಾಧೀಶರೂ ಹೌದೆಂದು ತಲೆಯಾಡಿಸಿದರು.

“ಫಾರ್ಟ್,” ಎಂದರು ತರ್ಜುಮೆದಾರರು. ಹಿಂದಿನ ಸಾಲಿಗೂ ಕೇಳುವ ಹಾಗೆ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಆಮೇಲೆ, ಅದನ್ನು ಬೇಕೆಂದೇ ಬಿಟ್ಟೆಯಾ ಎಂದು ತರ್ಜುಮೆದಾರರ ಮೂಲಕ ಸಾಕ್ಷಿಯನ್ನು ಕೇಳಿದರು.

“ಬೇಕು ಅಂದಾಗ ಬರೋದಾಗಿದ್ರೆ, ಹೊಟ್ಟೆ ಆಪರೇಷನ್ ಆದಾಗ ಡಾಕ್ಟ್ರನ್ನ ಮೂರು ದಿನ ಕಾಯಿಸ್ತಿದ್ನಾ ತಾಯಿ? ಅದು ಬರೋವರೆಗೂ ನೀರು ಕೊಡಲ್ಲ ಅಂತ ಕೂತಿದ್ರು,” ಎಂದ ಬೈಂಡರ್.

ತರ್ಜುಮೆದಾರರು ಡಾಕ್ಟರನ್ನೂ ಬಿಡಲಿಲ್ಲ, ನೀರನ್ನೂ ಬಿಡಲಿಲ್ಲ, ಮೂರು ದಿನವನ್ನೂ ಬಿಡಲಿಲ್ಲ. ಆಮೇಲೆ ತಿದ್ದುಪಡಿಯ ಹಾಳೆಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಮರುವಾರ ತೀರ್ಪು ಬಂತು. ಹನ್ನೊಂದು ಪುಟ. ಅದನ್ನು ಬೈಂಡರನಿಗೆ ತಿಳಿಯ ಹೇಳುವ ಕೆಲಸವೂ ಸೋಸುಬಟ್ಟೆಯವರದ್ದೇ. ವರಾಂಡದ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತು, ದೇಹದ ಅನೈಚ್ಛಿಕ ಕ್ರಿಯೆಯೊಂದರಲ್ಲಿ ದುರುದ್ದೇಶವನ್ನು ಆರೋಪಿಸಲಾಗದು ಎಂಬಲ್ಲಿಂದ ಶುರುಮಾಡಿದರು.

“ಅಂದ್ರೆ ಏನು ಸಾರ್?”

“ಹೂಸು ಬಿಟ್ಟಿದ್ದು ತಪ್ಪಲ್ಲ ಅಂತ ಕಣಪ್ಪ. ಸೋಮವಾರದಿಂದ ಕೆಲಸಕ್ಕೆ ಹೋಗು.”

ಬೈಂಡರ್ ಹಾಳೆಗಳನ್ನು ಇಸಿದುಕೊಂಡು, ಅಂಚು ಸರಿಯಾಗಿ ಕೂಡುವಂತೆ ತೊಡೆಯ ಮೇಲೆ ಎರಡು ಸಲ ಕುಟ್ಟಿದ. “ಇಷ್ಟಕ್ಕೆ ಹನ್ನೊಂದು ಪುಟ ಬೇಕಾಯ್ತಾ?”

“ಇಂಗ್ಲಿಷ್ ಅಲ್ವೇನಯ್ಯಾ,” ಎಂದು ಸೋಸುಬಟ್ಟೆಯವರು ಎದ್ದು, ಮುಂದಿನ ಸಾಕ್ಷಿಯನ್ನು ಕೂಗುತ್ತಿದ್ದುದರಿಂದ ಒಳಗೆ ಹೋದರು.